ಮೂರು ಫೇಸಿನ ಪಾಳಿ

ಗಿರಣಿ ಮುಂದ ಬಂದು ನಿಂತಾಗ
ಆ ವ್ಯಾನು ಉಸುರು ಸೈತ ಬಿಡಲಿಲ್ಲ.
ಒಳಗ ಹಾಸಿಗಿ, ಒಲಿ, ಬೊಗಸಿಯಷ್ಟು ಬಚ್ಚಲ,
ಕಿಡಕ್ಯಾಗ ಒಣಗಾಕ ಹಾಕಿದ ಟಾವೆಲು.
"ಒಂಬತ್ತು ಪರ್ಸೆಂಟ್ ಐತ್ರಿ," ಅಂದ್ಲು ಗಾಡಿಯಾಕಿ,
ಕೂಸಿನ ಜ್ವರ ನೋಡಿದವರ ಹಂಗ.

ಡೋಣಿ ಗುಡ್ಡದ ಮ್ಯಾಲ ಗಾಳಿಫ್ಯಾನು
ತಿರಗೇ ತಿರಗತಿದ್ದುವು.
"ಇಷ್ಟು ಕರೆಂಟು ಇಲ್ಲೇ ಹುಟ್ಟತೈತಲ್ಲ?"
"ಹುಟ್ಟತೈತಿ. ತವರಾಗ ನಿಲ್ಲಂಗಿಲ್ಲ.
ತ್ರೀ ಫೇಸ್ ರಾತ್ರಿ ಹನ್ನೊಂದಕ್ಕ."

ಚಾ ಕುದಿಸಿದ್ರ ಅರ್ಧ ಕಿಲೋಮೀಟರ್ ಹೋಗತೈತಿ ಅಂತ
ಆಕಿ ಒಲಿ ಮುಟ್ಟಲಿಲ್ಲ.
ನಮ್ಮ ರೇವಕ್ಕ ಬಟ್ಟಲ ತಂದು ಕೊಟ್ಲು,
ಜೋಡಿ ಎರಡು ರೊಟ್ಟಿ, ಅಗಸಿ ಹಿಂಡಿ.
ಬಾದಾಮಿಗೆ ಹೊಂಟಾಕಿ
ಜ್ವಾಳದ ಚೀಲದ ಮ್ಯಾಲ ಕುಂತು ತಿಂದ್ಲು,
ಹುಬ್ಬಿನ ತುಂಬ ಹಿಟ್ಟು.

ಹನ್ನೊಂದೂ ಹತ್ತಕ್ಕ ಬಲ್ಬು ಮಿಣಕ್ ಅಂತು.
ಎರಡೂ ಒಮ್ಮೆ ತಡಕೊಳ್ಳಂಗಿಲ್ಲ ನನ್ನ ಮೀಟರು.
ಅವತ್ತ ಬೀಸಲಿಲ್ಲ ನಾ.
ಕೌಜಲಗಿಯವರ ಜ್ವಾಳ, ಮೌಲಾಬಿಯ ಗೋದಿ
ವ್ಯಾನಿನ ಹಿಂದ ಪಾಳಿ ಹಚ್ಚಿ ಮಲಗಿದ್ದುವು.

ನಸಕಿನ್ಯಾಗ ಕೇಳಿದ್ಲು, "ಎಷ್ಟಾತ್ರಿ?"
ಕಿಲೋಕ್ಕ ಆರು ರೂಪಾಯಿ, ಅದು ಗೊತ್ತು.
ಕಿಲೋಮೀಟರಿಗೆ ಯಾವನಿಗೆ ಗೊತ್ತು?
ಮಾತು ಮುಗಿಯೂದ್ರಾಗ ಕರೆಂಟು ಹೋತು.

"ಎಂಬತ್ತೊಂದು!" ಅಂದು ನಕ್ಕಳಾಕಿ.
ನನಗ ನಗಿ ಬರಲಿಲ್ಲ.
ಹಿಂದ ಹದಿನಾಲ್ಕು ಚೀಲ.