ಬಾಜೂಕಿನ ಎಲುಬು

ಚಿಂಚೋಳಿ ಬಸ್ಸಿನಿಂದ ಇಳಿಯೋ ಹೊತ್ತಿಗೆ
ಕಾಳಗಿ ಸ್ಟ್ಯಾಂಡಿನ್ಯಾಗ, ಗಟಾರದ ಮ್ಯಾಲಿನ ಫರಸಿ
ಡಗ್ ಅಂತು. ಪಾದ ಒಳಗ ಹೊರಳ್ತು.
ನಾ ಮೊದಲು ಹಿಡಿದದ್ದು ರೊಕ್ಕದ ಚೀಲ,
ಆಮ್ಯಾಲ ಕಾಲು.

ಫಿಲ್ಮು ಬೆಳಕಿಗೆ ಹಿಡಿದು ಡಾಕ್ಟರ್ ಮುನೀರಾ ಅಂದರು:
"ಭಾರ ಎಲ್ಲಾ ದೊಡ್ಡ ಎಲುಬಿನ ಮ್ಯಾಲ, ಅಕ್ಕಾ.
ಮುರಿದದ್ದು ಹೊರಗಿನ ಸಣ್ಣದು,
ಬರೇ ಬಾಜೂಕ ನಿಂತಿರತದ."

ಬಾಜೂಕ ನಿಂದ್ರೋದು.
ಹನ್ನೊಂದು ವರ್ಷ ನಾ ಮತ್ತೇನು ಮಾಡೀನಿ?
ಕಂಬಕ್ಕ ಸೊಂಟ ಆನಿಸಿ, ಚಿಲ್ಲರೆ ಎಣಿಸಿ.
ಗಾಡಿ ಜಗದೇವಪ್ಪಂದು, ಸೀಟಿ ನಂದು.

ಆರು ವಾರ ಪ್ಲಾಸ್ಟರು.
ಕಲಬುರಗಿ ಬಿಸಿಲಿಗೆ ಒಳಗೆಲ್ಲಾ ತುರಿಕಿ,
ಮುರುಕು ಛತ್ರಿಯ ಕಡ್ಡಿ ತೂರಿಸಿ ಕೆರಕೋತೀನಿ.
ರಾತ್ರಿ ಮಗ್ಗಲಾದರ ಸಣ್ಣದು ಚೀರತದ,
ದೊಡ್ಡದು ಏನೂ ಗೊತ್ತಿಲ್ಲದಂಗ ಮಲಗಿರತದ.

ನಿನ್ನೆ ಜಗದೇವಪ್ಪ ಬಂದಿದ್ದ, ನಾಕು ಮೋಸಂಬಿ ತಂದು.
ನನ್ನ ಜಾಗಕ್ಕ ಹೊಸ ಹುಡುಗ ಬಂದಾನಂತ, ಶಾಣ್ಯಾ,
ಮಷೀನಿನ್ಯಾಗ ಬೆರಳು ಭಾಳ ಜಲ್ದಿ.
ಖರೆ, ಡಿಪೋದಾಗ ರಿವರ್ಸ್ ಹೊಡೆಯುವಾಗ
ಹಿಂದ ಯಾರೂ "ಬರ್ಲಿ, ಬರ್ಲಿ" ಅನಲಿಲ್ಲಂತ.
ಗ್ವಾಡಿಗೆ ಬಡದು ಕೆಂಪು ದೀಪ ಒಡದದ.

ಹೇಳಿ, ನನ್ನ ಕಾಲು ನೋಡಿದ.
ನಾ ಮೋಸಂಬಿ ಸುಲೀತಾ ಕೇಳಿದೆ:
"ಎಡಗಡೆದೋ, ಬಲಗಡೆದೋ?"