ಮೂವತ್ತೆಂಟನೆಯ ನಡೆ

ಚಾಮರಾಜಪೇಟೆಯ ಕಲ್ಯಾಣ ಮಂಟಪ.
ನಿನ್ನೆಯ ಮದುವೆಯ ಥರ್ಮೋಕೋಲ್ ಅಕ್ಷರಗಳು
ವೇದಿಕೆಯ ಮೇಲೆ ಇನ್ನೂ ಅರ್ಧ ಅಂಟಿಕೊಂಡಿವೆ,
ವರನ ಹೆಸರು ಬಿದ್ದುಹೋಗಿದೆ.
ಸಾಲು ಮೇಜು, ಸಾರಿನ ವಾಸನೆ.
ಹನ್ನೊಂದನೇ ಬೋರ್ಡಿನಲ್ಲಿ ನಾನು,
ಸಾವಿರದ ಒಂಬೈನೂರ ಎಂಬತ್ತೇಳು.
ಎದುರಿಗೆ ಮಂಗಳಗೌರಿ ಎಚ್. ಸಿ.,
ಸಾವಿರದ ಇನ್ನೂರ ಅರವತ್ತನಾಲ್ಕು.

ಗೋಡೆಗೆ ಹಚ್ಚಿದ ಪಟ್ಟಿಯಲ್ಲೇ ಗೆದ್ದು ಬಂದು ಕೂತಿದ್ದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರಂತೆ.
ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು,
ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು.
ಪ್ರತಿ ನಡೆಗೂ ಮುಂಚೆ ಕನ್ನಡಕ ತೆಗೆದು
ಮಣೆಯನ್ನು ಕಣ್ಣು ಕಿರಿದು ಮಾಡಿ ನೋಡುವರು,
ಯಾರದೋ ಪಕ್ಕೆಲುಬನ್ನು ಬೆಳಕಿಗೆ ಹಿಡಿದ ಹಾಗೆ.

ನಾನು ಎದ್ದು ಎದ್ದು ಹೋದೆ.
ಮೊದಲ ಬೋರ್ಡಿನ ಹುಡುಗನ ಆಟ ನೋಡಿದೆ,
ಎರಡು ಸಲ ಕಾಫಿ ಕುಡಿದೆ.
ಮೂವತ್ತೊಂದನೆಯ ನಡೆಯಲ್ಲಿ ಆಕೆ
"ಡ್ರಾ?" ಎಂದರು, ಚಿಲ್ಲರೆ ಇದೆಯಾ ಎಂದು ಕೇಳುವ ದನಿಯಲ್ಲಿ.
ಇಲ್ಲವೆಂದೆ. ನಕ್ಕೆ ಕೂಡ.
ಆ ನಗು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆನೆ ನಡೆದದ್ದೇ ದಾರಿ ಅಂತಾರಲ್ಲ,
ನನ್ನ ಆನೆ ನಡೆದದ್ದು ಒಂದು ಬಿಟ್ಟಿ ಕಾಲಾಳಿನ ಕಡೆಗೆ.
ತಿಂದಿತು.
ಅಷ್ಟರಲ್ಲಿ ಅಂಚಿನಲ್ಲಿದ್ದ ಅವರ ಕಾಲಾಳು,
ಬೆಳಿಗ್ಗೆಯಿಂದ ಯಾರೂ ಮಾತಾಡಿಸದೆ ನಿಂತದ್ದು,
ಚಪ್ಪಲಿ ಮೆಟ್ಟಿಕೊಂಡು ಹೊರಟಿತು.
ಒಂದು ಮನೆ. ಇನ್ನೊಂದು ಮನೆ.
ನನ್ನ ರಾಜ ಓಡಿದ,
ಮೆಜೆಸ್ಟಿಕ್ಕಿನಲ್ಲಿ ಹೊರಟ ಬಸ್ಸಿನ ಹಿಂದೆ
ಸೂಟು ತೊಟ್ಟವನೊಬ್ಬ ಓಡಿದ ಹಾಗೆ.

ಅವರ ಮಂತ್ರಿ ಯಾವ ಡಬ್ಬಿಯಡಿ ಉರುಳಿತ್ತೋ,
ಪಕ್ಕದ ಬೋರ್ಡಿನಿಂದ ಒಂದನ್ನು ಕಡ ತಂದರು.
ಕಾಲಾಳು ಮಂತ್ರಿಯಾಗುವುದು ಈ ಊರಿಗೇನು ಹೊಸದಲ್ಲ,
ಸೌಧ ಇಲ್ಲಿಂದ ನಾಲ್ಕೇ ಕಿಲೋಮೀಟರು.
ಆದರೂ.

ಕೈ ಕುಲುಕಿದೆ. ಡೆಟಾಲ್ ವಾಸನೆಯ ತಣ್ಣನೆಯ ಕೈ.
ಸಹಿ ಹಾಕಿ ಎದ್ದವನನ್ನು ಮತ್ತೆ ಕೂರಿಸಿ
ಕಾಯಿಗಳನ್ನು ಒಂದೊಂದೇ ಹಿಂದಕ್ಕಿಟ್ಟರು,
ಮೂವತ್ತೆಂಟರವರೆಗೆ.
"ಇಲ್ಲಿ ನಿಮ್ಮ ಆನೆ ಏಳನೇ ಸಾಲಿಗೆ ಬಂದಿದ್ರೆ
ನಾನು ಮುಗಿದೆ ಅಂತ ಬ್ಯಾಗಿನ ಜಿಪ್ ಎಳೆದಿದ್ದೆ ಸರ್.
ನೀವ್ಯಾಕೆ ನೋಡ್ಲಿಲ್ಲ?"

ವ್ಯಂಗ್ಯ ಇರಲಿಲ್ಲ. ನಿಜವಾಗಿ ಕೇಳಿದ್ದು,
ಉಸಿರು ಬಿಗಿಹಿಡೀರಿ ಅಂದಾಗ
ಬಿಟ್ಟುಬಿಟ್ಟವನನ್ನು ಕೇಳುವ ಹಾಗೆ.

ಪಟ್ಟಿ ನೋಡಿದ್ದೆ, ಅಂತ ಹೇಳಲಾಗಲಿಲ್ಲ.

ಹಿಂದೆ ಅಡುಗೆಮನೆಯಲ್ಲಿ ಯಾರೋ ಕೊಪ್ಪರಿಗೆ ಉಜ್ಜುತ್ತಿದ್ದರು.
ಮುಂದಿನ ಸುತ್ತಿಗೆ ಇನ್ನೂ ಇಪ್ಪತ್ತು ನಿಮಿಷ.
ಆಕೆ ಮೇಜಿಗೆ ತಲೆಯಾನಿಸಿ
ಕಣ್ಣು ಮುಚ್ಚಿದ್ದೇ ನಿದ್ದೆ ಹೋದರು.
ಕಡ ತಂದ ಮಂತ್ರಿಯನ್ನು
ಸದ್ದಾಗದಂತೆ ಎತ್ತಿ
ಪಕ್ಕದ ಬೋರ್ಡಿಗೆ ನಾನೇ ಇಟ್ಟು ಬಂದೆ.