ಒತ್ತಿ ಹಿಡಿ

ಸದ್ದು ಮೊದಲು ಕೇಳಿದ್ದು ಅರಬೈಲು ಘಟ್ಟದ ತಿರುವಿನಲ್ಲಿ.
ಯಲ್ಲಾಪುರಕ್ಕೆ ಬಂಗಡೆ ಇಳಿಸಿ ಖಾಲಿ ಟ್ರೇ ಹೊತ್ತು ಬರುತ್ತಿದ್ದೆ.
ಕತ್ತಿ ಮಸೆದ ಹಾಗೆ,
ಮೊದಲು ಎಡಗಡೆ, ಆಮೇಲೆ ಎರಡೂ ಕಡೆ.
ಎರಡನೇ ಗೇರಿನಲ್ಲಿ ಗೊಣಗುತ್ತ ಇಳಿಸಿದೆ.
ಹಿಂದಿನ ಲಾರಿಯವ ಹಾರ್ನು ಹಾಕಿದ. ಹಾಕಲಿ.

ಇಪ್ಪತ್ತೆರಡು ವರ್ಷದ ಗಾಡಿ.
ನಾಲ್ಕೂ ಚಕ್ರ ಎಳೆಯುತ್ತದೆ ಎಂದೇ ಕೊಂಡದ್ದು:
ಬೇಲೆಕೇರಿಯ ಮರಳಲ್ಲಿ ರಂಪಣಿ ಬಲೆಯ ತನಕ ಹೋಗಿ
ತೆರೆಗೆ ಮೂತಿ ಕೊಟ್ಟು ನಿಲ್ಲಬಲ್ಲದು.
ಮನೆಗೆ ಬಂದು ಸಿಹಿನೀರಲ್ಲಿ ತೊಳಿ, ತೊಳಿ
ಎಂದು ಮಂಗಲಾ ಹೇಳಿದ್ದಕ್ಕೆ ಲೆಕ್ಕವಿಲ್ಲ.

ಭಾನುವಾರ. ಗಾಳಿಮರದ ನೆರಳು.
ಹಿಂದಿನ ಚಕ್ರಕ್ಕೆ ಎರಡು ಚಿರೇಕಲ್ಲು,
ಜಾಕಿನ ಕೆಳಗೆ ಸತ್ತ ದೋಣಿಯ ಹಲಗೆ,
ಇಲ್ಲದಿದ್ದರೆ ಮರಳು ಜಾಕನ್ನೇ ನುಂಗುತ್ತದೆ.
ಚಕ್ರ ಬಂತು. ಕ್ಯಾಲಿಪರಿನ ಬೋಲ್ಟು ಬರಲಿಲ್ಲ.
ಡೀಸೆಲ್ ಹಚ್ಚಿದೆ; ಬೀಡಿ ಹಚ್ಚಲು ದೂರ ಹೋದೆ.
ಪಾನಕ್ಕೆ ಪೈಪು ತೂರಿಸಿ ಮೈಭಾರ ಹಾಕಿದಾಗ
ಟಕ್ ಅಂದಿತು.
ಮುರಿಯಿತೋ ಬಿಟ್ಟಿತೋ ತಿಳಿಯದ ಆ ಅರೆಗಳಿಗೆ
ಉಸಿರು ಎಲ್ಲಿಡಬೇಕು ಗೊತ್ತಾಗುವುದಿಲ್ಲ.
ಬಿಟ್ಟಿತ್ತು.

ಪ್ಯಾಡಿನಲ್ಲಿ ಪ್ಯಾಡು ಇರಲಿಲ್ಲ, ತಗಡು ಮಾತ್ರ.
ಡಿಸ್ಕಿನ ಮೈತುಂಬ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು.
ಹೋಸಿನ ಮೇಲೆ ಭಾರ ಬೀಳದಂತೆ
ಕ್ಯಾಲಿಪರನ್ನು ಬಲೆಹಗ್ಗದಲ್ಲಿ ತೂಗುಹಾಕಿದೆ.
ಈ ಗಾಡಿಯಲ್ಲಿ ಡಿಸ್ಕು ಸುಮ್ಮನೆ ಬರುವುದಿಲ್ಲ,
ಹಬ್ಬು ಬಿಚ್ಚಬೇಕು, ಬೇರಿಂಗು ತೆಗೆಯಬೇಕು,
ತೆಗೆದದ್ದನ್ನು ತೆಗೆದ ಸಾಲಿನಲ್ಲೇ ಗೋಣಿಯ ಮೇಲೆ ಇಡಬೇಕು.
ಕೋಳಿಯೊಂದು ಬಂದು ವಾಷರು ಕುಕ್ಕಿತು.
ಓಡಿಸಿದೆ. ಎಣಿಸಿದೆ. ಮತ್ತೆ ಎಣಿಸಿದೆ.

ಅಂಗೈಯಲ್ಲಿ ಗ್ರೀಸು ತಗೊಂಡು ಬೇರಿಂಗಿಗೆ ತಿನ್ನಿಸುವುದು
ಪೆದ್ರು ಕಲಿಸಿದ್ದು, ಕಾರವಾರದ ಕೋಡಿಬಾಗದಲ್ಲಿ,
ನಾನು ಅವನಿಗೆ ಪಾನ ಎತ್ತಿಕೊಡುತ್ತಿದ್ದ ಕಾಲದಲ್ಲಿ.
‘ನಟ್ಟು ಪೂರಾ ಬಿಗಿ, ಹಬ್ಬು ತಿರುಗಿಸು,
ಆಮೇಲೆ ಒಂದು ಚೂರು ಹಿಂದೆ ಬಾ.
ಎಷ್ಟು ಚೂರು ಅಂತ ನನ್ನ ಕೇಳಬೇಡ, ಕೈಯನ್ನು ಕೇಳು.’
ಹದಿನೆಂಟರ ಕೈ ಆಗ ಏನೂ ಹೇಳುತ್ತಿರಲಿಲ್ಲ.

ಕೊನೆಯ ಕೆಲಸ ಗಾಳಿ ತೆಗೆಯುವುದು.
ಅದಕ್ಕೆ ಎರಡು ಜನ ಬೇಕು. ಮಂಗಲಾ ಅಂಕೋಲೆಗೆ ಹೋಗಿದ್ದಳು.
ಮನೆಯಲ್ಲಿದ್ದವಳು ಅತ್ತೆ, ಬುದವಂತಿ,
ನಲವತ್ತು ವರ್ಷ ತಲೆಯ ಮೇಲೆ ಮೀನುಬುಟ್ಟಿ ಹೊತ್ತವಳು,
ಸ್ಟೇರಿಂಗಿನ ಹಿಂದೆ ಎಂದೂ ಕೂತವಳಲ್ಲ.
ಚಪ್ಪಲಿ ಕೆಳಗೆ ಬಿಟ್ಟು, ಸೀರೆ ಎತ್ತಿ ಕಟ್ಟಿ ಹತ್ತಿದಳು.

‘ನಡುವಿನದು. ಮೂರು ಸಲ ಒತ್ತು. ಆಮೇಲೆ ಒತ್ತಿ ಹಿಡಿ.
ನಾನು ಹೇಳುವ ತನಕ ಬಿಡಬೇಡ.’
‘ಬಿಟ್ರೆ ಎಂತಾ ಆತದ್ಯಾ?’
‘ಗಾಳಿ ವಾಪಸು ಒಳಗೆ ಹೋಗ್ತದೆ.’

ಎಡಚಕ್ರ ಮೊದಲು. ನಿಪ್ಪಲು ಸಡಿಲಿಸಿದೆ.
ಕೋಕಂ ಶರಬತ್ತಿನ ಹಳೇ ಬಾಟ್ಲಿಯೊಳಗೆ ಸಣ್ಣ ನಳಿಗೆ,
ನಳಿಗೆಯಲ್ಲಿ ಗುಳ್ಳೆ, ಗುಳ್ಳೆ, ಚಹಾ ಬಣ್ಣದ ಎಣ್ಣೆ.
ಒತ್ತು. ಒತ್ತಿದೆ. ಹಿಡಿ. ಹಿಡಿದೆ. ಬಿಡು.
ಹುಟ್ಟು ಹಾಕುವವರ ಹಾಗೆ ನಮ್ಮಿಬ್ಬರಿಗೂ ಒಂದು ಲಯ ಬಂತು.
ಬಲಚಕ್ರಕ್ಕೆ ಬಂದಾಗ ಎಣ್ಣೆ ಡಬ್ಬಿ ಖಾಲಿ.
ಹೊಸದು ಅಟ್ಟದ ಮೇಲೆ. ಹುಡುಕುತ್ತಿದ್ದಾಗ ಫೋನು,
ಐಸಿನವನದು, ನಾಳೆಯ ಲೆಕ್ಕ,
ಸ್ವಲ್ಪ ಜಗಳ.

ತಿರುಗಿ ಬಂದಾಗ ಹೊತ್ತು ಮುಳುಗಿತ್ತು.
ಗಾಡಿಯ ಒಳಗಿನ ಕತ್ತಲೆಯಿಂದ ದನಿ:
‘ತಮಾ, ಬಿಡ್ಲನಾ?’
ಮೊಣಕಾಲು ನಡುಗುತ್ತಿತ್ತು, ಎರಡೂ ಕೈಯಿಂದ
ತೊಡೆಯನ್ನು ಅದುಮಿ ಹಿಡಿದಿದ್ದಳು.

ಹೋಗುವಾಗಲೇ ನಿಪ್ಪಲು ಬಿಗಿದು ಹೋಗಿದ್ದೆ.
ಬಿಟ್ಟಿದ್ದರೂ ಏನೂ ಆಗುತ್ತಿರಲಿಲ್ಲ.
ಹೇಳಲಿಲ್ಲ.
‘ಬಿಡು’ ಅಂದೆ.

ಊಟಕ್ಕೆ ಮೊದಲು ಹೆದ್ದಾರಿಯ ತನಕ ಒಂದು ಸುತ್ತು.
ಪೆಡಲು ಗಟ್ಟಿಯಾಗಿ, ಮೇಲೇ ನಿಂತಿತ್ತು.
ಪಕ್ಕದಲ್ಲಿ ಅತ್ತೆ, ಕಿಟಕಿಯ ಕಂಬಿ ಹಿಡಿದು.
ಶಾಲೆಯ ಹತ್ತಿರ ನಾಯಿ ಅಡ್ಡ ಬಂತು.
ನಾನು ಒತ್ತಿದೆ. ಅವಳ ಬಲಗಾಲು ಬರಿಯ ತಗಡನ್ನು ಒತ್ತಿತು.
ಗಾಡಿ ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ನಿಂತಿತು.
ನಾಯಿ ನಮ್ಮನ್ನು ನೋಡಿ, ಬಾಲ ಕೆರೆದುಕೊಂಡು, ನಿಧಾನ ಹೋಯಿತು.

‘ನಿತ್ತತಲ್ಲ’ ಅಂದಳು,
ಕಾಲು ಇನ್ನೂ ತೆಗೆಯದೆ.